ಕಂಪ್ಯೂಟರಿನ ಕಸದ ಬುಟ್ಟಿ ಒಬ್ಬರೇ ಖಾಲಿ ಮಾಡಬ್ಯಾಡ್ರಿ

 

ಗೋಡೆ ಪತ್ರಿಕೆಯ "ನನ್ನ ಅನಿಸಿಕೆ" ಅಂಕಣದಲ್ಲಿ ಸಾಮಾನ್ಯವಾಗಿ ಗಿಡ ಬೆಳೆಸುವುದು, ನೀರು ಉಳಿಸುವುದು, ದುಶ್ಚಟ ಬಿಡಿಸುವುದು ಇಂಥ ವಿಷಯಗಳು ಬರುತ್ತವೆ. ಅವೆಲ್ಲ ಬೇಕಾದ ಮಾತುಗಳೇ. ಆದರೆ ಈ ಸಲ ನಾನು ಒಂದು ಸಣ್ಣ ವಿಷಯ ಎತ್ತಿಕೊಂಡಿದ್ದೇನೆ. ಕಂಪ್ಯೂಟರಿನ ಪರದೆಯ ಮೂಲೆಯಲ್ಲಿ ಸುಮ್ಮನೆ ಕುಂತಿರುವ ಕಸದ ಬುಟ್ಟಿ. ವಿಂಡೋಸ್ ಹಾಕಿದ ಕಂಪ್ಯೂಟರಿನಲ್ಲಿ ಅದಕ್ಕೆ ರಿಸೈಕಲ್ ಬಿನ್ ಅಂತಾರ. ಉಬುಂಟು ಹಾಕಿದ್ದರಲ್ಲಿ ಟ್ರ್ಯಾಶ್ ಅಂತಾರ. "ಇದೂ ಒಂದು ಬರಿಯೋ ವಿಷಯ ಏನು?" ಎಂದು ನಗಬ್ಯಾಡ್ರಿ. ಪೂರ್ತಿ ಓದಿ ಆಮೇಲೆ ನಕ್ಕರೆ ನನ್ನದೇನೂ ತಕರಾರಿಲ್ಲ.

ನನ್ನ ಅನಿಸಿಕೆ ಇಷ್ಟೇ: ಹತ್ತಾರು ಮಂದಿ ಕೈಯಾಡಿಸುವ ಶಾಲೆಯ ಕಂಪ್ಯೂಟರಿನ ಕಸದ ಬುಟ್ಟಿಯನ್ನು ಯಾರೂ ಒಬ್ಬರೇ, ಒಳಗೆ ಏನಿದೆ ಎಂದು ನೋಡದೆ, ಖಾಲಿ ಮಾಡಬಾರದು. ಅದಕ್ಕೊಂದು ದಿನ ಇರಬೇಕು, ಇಬ್ಬರು ಸಾಕ್ಷಿ ಇರಬೇಕು. ಯಾಕೆ ಅಂತ ಹೇಳತೇನೆ.

ಬುಟ್ಟಿಯಲ್ಲ, ತಿಪ್ಪಿ

ಮೊದಲು ಹೆಸರೇ ನಮ್ಮನ್ನು ದಾರಿ ತಪ್ಪಿಸುತ್ತದೆ. ಕಸದ ಬುಟ್ಟಿ ಅಂದ ಕೂಡಲೇ ಅದರಲ್ಲಿ ಇರುವುದೆಲ್ಲ ಕಸ, ಎಷ್ಟು ಬೇಗ ಚೆಲ್ಲಿದರೆ ಅಷ್ಟು ಚೊಕ್ಕ ಅಂತ ನಮ್ಮ ತಲೆಯಲ್ಲಿ ಬರುತ್ತದೆ. ಶಾಲೆಯಲ್ಲಿ ಕಸ ಗುಡಿಸಿ ರೂಢಿಯಾದ ನಮಗೆ ಬುಟ್ಟಿ ತುಂಬಿದ್ದು ಕಂಡರೆ ಕೈ ಸುಮ್ಮನಿರುವುದಿಲ್ಲ.

ನಮ್ಮ ಊರ ಮಾತಿನಲ್ಲಿ ಹೇಳುವುದಾದರೆ ಅದು ಬುಟ್ಟಿಯಲ್ಲ, ತಿಪ್ಪಿ. ತಿಪ್ಪಿಗೆ ಹಾಕಿದ್ದು ಕಸ ಹೌದು, ಆದರೆ ಅದು ಇನ್ನೂ ನಮ್ಮ ಮನೆಯದೇ. ಕಸ ಗುಡಿಸುವಾಗ ಅವ್ವನ ಕಿವಿಯ ಬೆಂಡೋಲಿ ಬಿದ್ದು ಹೋಯಿತಂದ್ರ ಮನೆ ಮಂದಿಯೆಲ್ಲ ಮೊದಲು ಓಡುವುದು ತಿಪ್ಪಿ ಕಡೆಗೇ. ಕೆದರಿ ನೋಡಿದರೆ ಸಿಕ್ಕೇ ಸಿಗುತ್ತದೆ. ಒಮ್ಮೆ ತಿಪ್ಪಿಯ ಗೊಬ್ಬರ ಗಾಡಿಗೆ ಹೇರಿ ಹೊಲಕ್ಕೆ ಹರಡಿದ ಮೇಲೆ ಬೆಂಡೋಲಿ ಹುಡುಕುವವರು ಯಾರು? ಅದಕ್ಕೇ ನಮ್ಮ ಹಿರಿಯರು ತಿಪ್ಪಿ ಎತ್ತುವುದಕ್ಕೆ ಒಂದು ಕಾಲ ಇಟ್ಟುಕೊಂಡಿದ್ದಾರೆ. ಬೇಸಿಗೆ ಮುಗಿಯುತ್ತ ಬಂದಾಗ, ಮುಂಗಾರು ಬೀಳುವ ಮೊದಲು ಎತ್ತುತ್ತಾರೆ. ಇನ್ನೊಬ್ಬರ ತಿಪ್ಪಿಗೆ ಕೇಳದೆ ಸಲಿಕೆ ಹಾಕುವುದಿಲ್ಲ. ಹಾಕಿದರೆ ಜಗಳ ಆಗತದ.

ಕಂಪ್ಯೂಟರಿನ ಬುಟ್ಟಿಗೂ ಇದೇ ನ್ಯಾಯ ಸಾಕು.

ಒಳಗೆ ಏನು ನಡೆಯುತ್ತದೆ?

ನಾವು ಒಂದು ಫೈಲನ್ನು ಆರಿಸಿ ಡಿಲೀಟ್ ಒತ್ತಿದಾಗ ಅದು ಅಳಿದು ಹೋಗುವುದಿಲ್ಲ. ಹಾರ್ಡ್ ಡಿಸ್ಕಿನಲ್ಲಿ ಇದ್ದ ಜಾಗದಲ್ಲಿಯೇ ಇರುತ್ತದೆ. ಅದರ ವಿಳಾಸ ಮಾತ್ರ ಬದಲಾಗುತ್ತದೆ. ವಿಂಡೋಸಿನಲ್ಲಿ ಪ್ರತಿಯೊಂದು ಡ್ರೈವಿಗೂ ಕಣ್ಣಿಗೆ ಕಾಣದಂತೆ ಇಟ್ಟ ಒಂದು ಫೋಲ್ಡರ್ ಇದೆ. ಡಿಲೀಟ್ ಮಾಡಿದ ಫೈಲು ಅಲ್ಲಿಗೆ ಸೇರುತ್ತದೆ. ಅದರ ಜೊತೆಗೆ ಒಂದು ಸಣ್ಣ ಚೀಟಿಯೂ ತಯಾರಾಗುತ್ತದೆ. ಈ ಫೈಲು ಮೊದಲು ಎಲ್ಲಿತ್ತು, ಎಷ್ಟು ದೊಡ್ಡದು, ಯಾವ ದಿನ ಎಷ್ಟು ಗಂಟೆಗೆ ಡಿಲೀಟ್ ಆಯಿತು ಎಂದು ಆ ಚೀಟಿಯಲ್ಲಿ ಬರೆದಿರುತ್ತದೆ. ಗಿರಣಿಯಲ್ಲಿ ಜ್ವಾಳದ ಡಬ್ಬಿಗೆ ಹೆಸರಿನ ಚೀಟಿ ಹಚ್ಚಿಟ್ಟ ಹಾಗೆ. ನಾವು ರಿಸ್ಟೋರ್ ಎಂದು ಒತ್ತಿದರೆ ಕಂಪ್ಯೂಟರ್ ಆ ಚೀಟಿ ಓದಿ ಫೈಲನ್ನು ಮೊದಲಿನ ಮನೆಗೇ ಮುಟ್ಟಿಸುತ್ತದೆ. ಉಬುಂಟುವಿನಲ್ಲಿಯೂ ಇದೇ ರೀತಿ. ಟ್ರ್ಯಾಶಿನೊಳಗೆ ಫೈಲಿಗೊಂದು ಫೋಲ್ಡರ್, ಚೀಟಿಗೊಂದು ಫೋಲ್ಡರ್ ಇರುತ್ತದೆ.

ಈ ಏರ್ಪಾಡು ಮೊದಲಿನಿಂದ ಇದ್ದದ್ದಲ್ಲ. ಆಪಲ್ ಕಂಪನಿಯವರು 1983ರಲ್ಲಿ ಲೀಸಾ ಎಂಬ ಕಂಪ್ಯೂಟರಿನಲ್ಲಿ, 1984ರಲ್ಲಿ ಮ್ಯಾಕಿಂಟಾಷಿನಲ್ಲಿ ಕಸದ ಬುಟ್ಟಿಯ ಚಿತ್ರ ತಂದರು. ನಮ್ಮ ಕಡೆ ಹೆಚ್ಚು ಬಳಕೆಗೆ ಬಂದ ವಿಂಡೋಸಿನಲ್ಲಿ ರಿಸೈಕಲ್ ಬಿನ್ ಬಂದದ್ದು 1995ರಲ್ಲಿ. ಅದಕ್ಕೂ ಮೊದಲು ಡಾಸ್ ಇದ್ದ ಕಾಲದಲ್ಲಿ ಡಿಲೀಟ್ ಅಂದ್ರ ಡಿಲೀಟೇ. 1991ರಲ್ಲಿ ಬಂದ ಡಾಸ್ 5ರಲ್ಲಿ ಅನ್‌ಡಿಲೀಟ್ ಎಂಬ ಆಜ್ಞೆ ಕೊಟ್ಟರು. ಆದರೆ ಅಳಿಸಿದಾಗ ಫೈಲಿನ ಹೆಸರಿನ ಮೊದಲ ಅಕ್ಷರ ಹೋಗಿಬಿಡುತ್ತಿತ್ತು. ವಾಪಸು ತರಬೇಕಾದವರು ಆ ಅಕ್ಷರ ನೆನಪು ಮಾಡಿ ಒತ್ತಿಕೊಡಬೇಕಾಗುತ್ತಿತ್ತು. ಅಂದರೆ, ಮನುಷ್ಯ ಅಳಿಸಿದ ಮೇಲೆ ಪಶ್ಚಾತ್ತಾಪ ಪಡುತ್ತಾನೆ ಎಂಬುದು ಕಂಪ್ಯೂಟರ್ ಮಾಡಿದವರಿಗೆ ಬಹಳ ಮೊದಲೇ ಗೊತ್ತಾಗಿತ್ತು. ಬುಟ್ಟಿ ಇಟ್ಟಿರುವುದು ಕಸಕ್ಕಲ್ಲ, ಆ ಪಶ್ಚಾತ್ತಾಪಕ್ಕೆ.

ಒಂದೇ ಲಾಗಿನ್, ಒಂದೇ ತಿಪ್ಪಿ

ಮನೆಯಲ್ಲಿ ಒಬ್ಬರೇ ಬಳಸುವ ಕಂಪ್ಯೂಟರ್ ಇದ್ದರೆ ಈ ಲೇಖನವೇ ಬೇಡವಾಗಿತ್ತು. ಅವರ ಫೈಲು, ಅವರ ಬುಟ್ಟಿ, ಅವರ ಮರ್ಜಿ. ಶಾಲೆಗಳಲ್ಲಿ ಹಾಗಲ್ಲ. ಒಂದು ಕಂಪ್ಯೂಟರ್, ಒಂದೇ ಲಾಗಿನ್, ಎಂಟು ಒಂಬತ್ತು ಹತ್ತನೇ ತರಗತಿಯವರೆಲ್ಲ ಅದರಲ್ಲೇ. ಗುರುಗಳ ಪ್ರಶ್ನೆಪತ್ರಿಕೆಯೂ ಅಲ್ಲೇ, ಬಿಸಿಯೂಟದ ಲೆಕ್ಕವೂ ಅಲ್ಲೇ, ಪ್ರತಿಭಾ ಕಾರಂಜಿಯ ಹೆಸರಿನ ಪಟ್ಟಿಯೂ ಅಲ್ಲೇ. ವಿಂಡೋಸಿನಲ್ಲಿ ಬೇರೆ ಬೇರೆ ಲಾಗಿನ್ ಇದ್ದರೆ ಪ್ರತಿಯೊಬ್ಬರಿಗೂ ಬೇರೆ ಬೇರೆ ಬುಟ್ಟಿ ಇರುತ್ತದೆ. ಒಬ್ಬರು ಖಾಲಿ ಮಾಡಿದರೆ ಇನ್ನೊಬ್ಬರದು ಹೋಗುವುದಿಲ್ಲ. ಲಾಗಿನ್ ಒಂದೇ ಇದ್ದಾಗ ಎಲ್ಲರದೂ ಒಂದೇ ತಿಪ್ಪಿ.

ಈಗ ಒಂದು ಉದಾಹರಣೆ ತೆಗೆದುಕೊಳ್ಳಿರಿ. ಯಾವ ಶಾಲೆಯಲ್ಲಾದರೂ ಆಗಬಹುದಾದದ್ದು. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ತನ್ನ ಆಯಿಯ ಬಾಯಿಂದ ಬೀಸುಕಲ್ಲಿನ ಪದ ಹಾಡಿಸಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಶಾಲೆಯ ಕಂಪ್ಯೂಟರಿಗೆ ಹಾಕುತ್ತಾಳೆ. ಮೊಬೈಲಿನಲ್ಲಿ ಜಾಗ ಇಲ್ಲ ಅಂತ ಅಲ್ಲಿಂದ ತೆಗೆದುಬಿಡುತ್ತಾಳೆ. ಮರುದಿನ ಇನ್ನೊಂದು ತರಗತಿಯವರು ಬಂದು, ಡೆಸ್ಕ್‌ಟಾಪ್ ತುಂಬಿದ್ದು ನೋಡಿ, "ಇದ್ಯಾರದೋ ಏನೋ" ಎಂದು ಡಿಲೀಟ್ ಮಾಡುತ್ತಾರೆ. ಇಲ್ಲಿಯವರೆಗೆ ಏನೂ ಕೆಟ್ಟಿಲ್ಲ, ಫೈಲು ಬುಟ್ಟಿಯಲ್ಲಿದೆ. ಮೂರನೆಯ ದಿನ ಮತ್ತೊಬ್ಬರು ಬಂದು ಬುಟ್ಟಿ ತುಂಬಿದ್ದು ನೋಡಿ ಖಾಲಿ ಮಾಡುತ್ತಾರೆ. ಈ ಮೂವರಲ್ಲಿ ಯಾರದೂ ಕೆಟ್ಟ ಮನಸ್ಸಲ್ಲ. ಎಲ್ಲರೂ ಚೊಕ್ಕ ಮಾಡಲಿಕ್ಕೇ ಹೋದವರು. ಆದರೆ ಆಯಿ ಈಗ ಹಾಸಿಗೆ ಹಿಡಿದಿದ್ದಾಳೆ ಅಂತ ಇಟ್ಟುಕೊಳ್ಳಿರಿ. ಆ ಪದ ಮತ್ತೆ ಎಲ್ಲಿಂದ ತರುವುದು? ಪ್ರಾಜೆಕ್ಟ್ ಹೋದರೆ ಇನ್ನೊಂದು ಬರೆಯಬಹುದು. ಆಯಿಯ ದನಿ ಹೋದರೆ ಬರೆಯಲಿಕ್ಕೆ ಬರುವುದಿಲ್ಲ.

ಹೆಸರಿಲ್ಲದ ಫೈಲು

ಇನ್ನೊಂದು ಮಾತು. ಬುಟ್ಟಿಯಲ್ಲಿ ಇದ್ದ ಫೈಲನ್ನು ಅಲ್ಲಿಯೇ ತೆರೆದು ಓದಲಿಕ್ಕೆ ಆಗುವುದಿಲ್ಲ. ವಿಂಡೋಸಿನಲ್ಲಿ ಅದರ ಮೇಲೆ ಎರಡು ಸಲ ಒತ್ತಿದರೆ ಹೆಸರು, ಗಾತ್ರ, ತಾರೀಖು ಮಾತ್ರ ತೋರಿಸುತ್ತದೆ. ಒಳಗಿನದು ನೋಡಬೇಕಾದರೆ ಮೊದಲು ರಿಸ್ಟೋರ್ ಮಾಡಬೇಕು. ಆದ್ದರಿಂದ ಬುಟ್ಟಿಯಲ್ಲಿ ಫೈಲನ್ನು ಗುರುತಿಸುವುದು ಹೆಸರಿನಿಂದಲೇ.

ನಾವು ಇಡುವ ಹೆಸರು ಹ್ಯಾಂಗಿರತಾವ ನೋಡ್ರಿ. ನ್ಯೂ, ನ್ಯೂ 1, ನ್ಯೂ 2, ಎಬಿಸಿ, ಅನ್‌ಟೈಟಲ್ಡ್. ನುಡಿ ಅಥವಾ ಬರಹ ತಂತ್ರಾಂಶದಲ್ಲಿ ಒಳಗೆ ಛಲೋ ಕನ್ನಡದಲ್ಲಿ ಪ್ರಬಂಧ ಬರೆದಿರುತ್ತೇವೆ, ಹೊರಗೆ ಹೆಸರು ಮಾತ್ರ ಎಬಿಸಿ. ಜಾತ್ರೆಯಲ್ಲಿ ಕೂಸು ಕಳೆದರೆ ಅದಕ್ಕೆ ಹೆಸರು ಹೇಳಲಿಕ್ಕೆ ಬಂದರೆ ಮೈಕಿನಲ್ಲಿ ಕೂಗಬಹುದು. ಬರದಿದ್ದರೆ ಏನು ಕೂಗುವುದು? ಈಗಿನ ವಿಂಡೋಸ್, ಉಬುಂಟು ಎರಡರಲ್ಲೂ ಯೂನಿಕೋಡ್ ಕನ್ನಡದಲ್ಲಿ ಫೈಲಿಗೆ ಹೆಸರು ಇಡಲಿಕ್ಕೆ ಬರುತ್ತದೆ. ಹೆಸರು, ತರಗತಿ, ವಿಷಯ, ತಾರೀಖು ಇಷ್ಟು ಇಟ್ಟರೆ ಅರ್ಧ ತೊಂದರೆ ಅಲ್ಲಿಗೇ ಮುಗಿಯುತ್ತದೆ.

ಬುಟ್ಟಿಗೆ ಬೀಳದೇ ಹೋಗುವ ಫೈಲುಗಳು

ಡಿಲೀಟ್ ಮಾಡಿದ್ದೆಲ್ಲ ಬುಟ್ಟಿಗೇ ಹೋಗುತ್ತದೆ ಎಂದು ಬಹಳ ಮಂದಿ ನಂಬಿದ್ದಾರೆ. ಅದು ಖರೇ ಅಲ್ಲ. ಈ ಕೆಳಗಿನವು ಬುಟ್ಟಿಗೆ ಹೋಗದೆ ನೇರ ಹೋಗಿಬಿಡುತ್ತವೆ.

1) ಶಿಫ್ಟ್ ಕೀಲಿ ಒತ್ತಿ ಹಿಡಿದು ಡಿಲೀಟ್ ಮಾಡಿದ ಫೈಲು.

2) ವಿಂಡೋಸ್ ಕಂಪ್ಯೂಟರಿನಲ್ಲಿ ಪೆನ್ ಡ್ರೈವ್ ಒಳಗಿನಿಂದ ಡಿಲೀಟ್ ಮಾಡಿದ ಫೈಲು. ಪೆನ್ ಡ್ರೈವಿಗೆ ಅಲ್ಲಿ ಬುಟ್ಟಿ ಇರುವುದಿಲ್ಲ.

3) ಒಂದು ಕಂಪ್ಯೂಟರಿನಿಂದ ಇನ್ನೊಂದರ ಹಂಚಿಕೆಯ ಫೋಲ್ಡರಿಗೆ ಹೋಗಿ ಡಿಲೀಟ್ ಮಾಡಿದ ಫೈಲು.

4) ಬುಟ್ಟಿಗೆ ಗೊತ್ತು ಮಾಡಿದ ಗಾತ್ರಕ್ಕಿಂತ ದೊಡ್ಡದಾದ ಫೈಲು. ವಿಡಿಯೋಗಳಿಗೆ ಹೀಗಾಗಬಹುದು. ಆಗ ವಿಂಡೋಸ್ "ಶಾಶ್ವತವಾಗಿ ಅಳಿಸಲೇ?" ಎಂದು ಕೇಳುತ್ತದೆ. ಓದದೆ ಯೆಸ್ ಒತ್ತುವ ಚಟ ಇದ್ದವರು ಇಲ್ಲಿ ಸಿಕ್ಕಿಬೀಳುತ್ತಾರೆ.

ಇದಲ್ಲದೆ ಬುಟ್ಟಿ ತನ್ನ ಗಾತ್ರಕ್ಕೆ ತುಂಬಿದಾಗ ಎಲ್ಲಕ್ಕಿಂತ ಹಳೆಯ ಫೈಲು ತಾನೇ ಹೊರಗೆ ಹೋಗುತ್ತದೆ. ವಿಂಡೋಸ್ 10 ಮತ್ತು 11ರಲ್ಲಿ ಸ್ಟೋರೇಜ್ ಸೆನ್ಸ್ ಎಂಬುದನ್ನು ಚಾಲು ಮಾಡಿಟ್ಟರೆ 30 ದಿನ ದಾಟಿದವನ್ನು ಅದೇ ತೆಗೆಯಬಹುದು. ಉಬುಂಟುವಿನಲ್ಲಿಯೂ ಇಂಥ ಆಯ್ಕೆ ಇದೆ. ಹೀಗಾಗಿ ಬುಟ್ಟಿಯನ್ನು ಕಪಾಟು ಎಂದೂ ತಿಳಿಯಬಾರದು. "ಬುಟ್ಟಿಯೊಳಗ ಅದ ಬಿಡು, ಆಮ್ಯಾಲೆ ತಗೊಂಡ್ರಾತು" ಅನ್ನುವುದು ತಿಪ್ಪಿಯಲ್ಲಿ ಬಂಗಾರ ಇಟ್ಟು ಮಲಗಿದ ಹಾಗೆ.

ತೊಂದರೆ ಬಂದಾಗ

ಕೆಲವು ಸಾಮಾನ್ಯ ತೊಂದರೆಗಳನ್ನೂ ಅವುಗಳ ಉಪಾಯಗಳನ್ನೂ ಬರೆಯುತ್ತೇನೆ. ಬೇಕಾದವರು ನೋಟುಬುಕ್ಕಿನಲ್ಲಿ ಇಳಿಸಿಕೊಳ್ಳಬಹುದು.

ಈಗಷ್ಟೇ ತಪ್ಪಿ ಡಿಲೀಟ್ ಆಯಿತು: ಗಾಬರಿಯಾಗಬೇಡಿ. ಕಂಟ್ರೋಲ್ ಹಿಡಿದು ಝಡ್ ಒತ್ತಿರಿ. ಬಾರದಿದ್ದರೆ ಬುಟ್ಟಿ ತೆರೆದು, ಆ ಫೈಲಿನ ಮೇಲೆ ಮೌಸಿನ ಬಲಗಡೆ ಒತ್ತಿ ರಿಸ್ಟೋರ್ ಮಾಡಿರಿ. ಅದು ಇದ್ದ ಫೋಲ್ಡರ್ ಕೂಡ ಅಳಿದಿದ್ದರೆ ವಿಂಡೋಸ್ ಆ ಫೋಲ್ಡರನ್ನೂ ಮತ್ತೆ ಮಾಡಿಕೊಡುತ್ತದೆ.

ಡಿಲೀಟ್ ಮಾಡಿದರೂ ಜಾಗ ಹೆಚ್ಚಾಗಲಿಲ್ಲ: ಸಹಜ. ಫೈಲು ಬುಟ್ಟಿಯಲ್ಲಿ ಇರುವತನಕ ಜಾಗ ಹಿಡಿದೇ ಇರುತ್ತದೆ.

ಪೆನ್ ಡ್ರೈವ್ ಖಾಲಿ ಕಾಣುತ್ತದೆ, ಆದರೆ ಜಾಗ ಇಲ್ಲ ಅನ್ನುತ್ತದೆ: ಉಬುಂಟು ಬಳಸುವಲ್ಲಿ ಇದು ಬಹಳ. ಅಲ್ಲಿ ಪೆನ್ ಡ್ರೈವಿನಿಂದ ಡಿಲೀಟ್ ಮಾಡಿದ್ದು ಪೆನ್ ಡ್ರೈವಿನೊಳಗೇ ಒಂದು ಮರೆಯಾದ ಟ್ರ್ಯಾಶ್ ಫೋಲ್ಡರಿನಲ್ಲಿ ಕುಂತಿರುತ್ತದೆ. ಕಂಟ್ರೋಲ್ ಹಿಡಿದು ಎಚ್ ಒತ್ತಿದರೆ ಕಾಣುತ್ತದೆ. ಪೆನ್ ಡ್ರೈವ್ ಚುಚ್ಚಿದಾಗಲೇ ಟ್ರ್ಯಾಶ್ ನೋಡಿ, ಬೇಡಾದ್ದನ್ನು ತೆಗೆದರೆ ಜಾಗ ಬರುತ್ತದೆ. ವಿಂಡೋಸಿನಲ್ಲಿ ಹೀಗೆ ಕಂಡರೆ ವೈರಸ್ ಫೈಲುಗಳನ್ನು ಬಚ್ಚಿಟ್ಟಿರಬಹುದು. 2008ರಲ್ಲಿ ಜಗತ್ತಿನ ತುಂಬ ಹರಡಿದ ಕಾನ್‌ಫಿಕರ್ ಎಂಬ ವೈರಸ್ ಪೆನ್ ಡ್ರೈವಿನಲ್ಲಿ ರಿಸೈಕ್ಲರ್ ಎಂಬ ಕಸದ ಬುಟ್ಟಿಯ ಹೆಸರಿನ ಫೋಲ್ಡರ್ ಮಾಡಿ ಅದರಲ್ಲೇ ಅಡಗಿ ಕೂಡುತ್ತಿತ್ತು. ಕಸದಲ್ಲಿ ಯಾರು ಹುಡುಕುತ್ತಾರೆ ಎಂಬ ಧೈರ್ಯ ಅದಕ್ಕೆ!

ಬುಟ್ಟಿ ಖಾಲಿ ಆಗಲೊಲ್ಲದು: ಅದರಲ್ಲಿಯ ಯಾವುದೋ ಫೈಲನ್ನು ಇನ್ನೊಂದು ಪ್ರೋಗ್ರಾಂ ಹಿಡಿದುಕೊಂಡಿರುತ್ತದೆ. ತೆರೆದ ಪ್ರೋಗ್ರಾಂಗಳನ್ನು ಮುಚ್ಚಿ ನೋಡಿರಿ. ಇಲ್ಲವಾದರೆ ಕಂಪ್ಯೂಟರ್ ಬಂದ್ ಮಾಡಿ ಚಾಲು ಮಾಡಿರಿ. ಉಬುಂಟುವಿನಲ್ಲಿ ಫೈಲಿನ ಮಾಲೀಕತ್ವ ಬೇರೆಯವರ ಹೆಸರಲ್ಲಿದ್ದರೂ ಹೀಗಾಗುತ್ತದೆ. ಆಗ ಕಂಪ್ಯೂಟರ್ ನೋಡಿಕೊಳ್ಳುವ ಸರ್ ಅವರಿಗೇ ಹೇಳಬೇಕು.

ಖಾಲಿ ಮಾಡಿದರೂ ಬುಟ್ಟಿ ತುಂಬಿದಂತೆ ಕಾಣುತ್ತದೆ: ಚಿತ್ರ ಬದಲಾಗಿಲ್ಲ ಅಷ್ಟೇ. ಎಫ್ 5 ಒತ್ತಿರಿ.

ಬುಟ್ಟಿಯೇ ಕಾಣುವುದಿಲ್ಲ: ಯಾರೋ ಡೆಸ್ಕ್‌ಟಾಪಿನಿಂದ ಚಿತ್ರ ಮರೆಮಾಡಿದ್ದಾರೆ, ಬುಟ್ಟಿ ಎಲ್ಲಿಯೂ ಹೋಗಿಲ್ಲ. ವಿಂಡೋಸಿನ ಪರ್ಸನಲೈಸೇಶನ್ ಒಳಗೆ ಥೀಮ್ಸ್, ಅದರಲ್ಲಿ ಡೆಸ್ಕ್‌ಟಾಪ್ ಐಕಾನ್ ಸೆಟ್ಟಿಂಗ್ಸ್‌ಗೆ ಹೋಗಿ ಟಿಕ್ ಹಾಕಿದರೆ ಬರುತ್ತದೆ.

"ರಿಸೈಕಲ್ ಬಿನ್ ಕೆಟ್ಟಿದೆ, ಖಾಲಿ ಮಾಡಲೇ?" ಎಂದು ಕೇಳುತ್ತದೆ: ಇಲ್ಲಿ ಅವಸರ ಬೇಡ. ಯೆಸ್ ಅಂದರೆ ಆ ಡ್ರೈವಿನ ಬುಟ್ಟಿಯಲ್ಲಿ ಇದ್ದದ್ದೆಲ್ಲ ಹೋಗುತ್ತದೆ. ವಿಂಡೋಸ್ ತಾನೇ ಹೊಸ ಬುಟ್ಟಿ ಮಾಡಿಕೊಳ್ಳುತ್ತದೆ, ಆದರೆ ಹಳೆಯದು ಬಾರದು. ಮೊದಲು ನೋ ಒತ್ತಿ, ಬುಟ್ಟಿ ತೆರೆದು, ಬೇಕಾದ್ದು ಹೊರಗೆ ತೆಗೆಯಲಿಕ್ಕೆ ಆಗುತ್ತದೆಯೇ ನೋಡಿ, ಆಮೇಲೆ ಗುರುಗಳ ಮುಂದೆಯೇ ಯೆಸ್ ಒತ್ತಬೇಕು.

ಡಿಲೀಟ್ ಮಾಡುವಾಗ ಕೇಳುವುದೇ ಇಲ್ಲ: ಹೊಸ ವಿಂಡೋಸಿನಲ್ಲಿ ಹಾಗೇ ಇಟ್ಟಿರುತ್ತಾರೆ. ಬುಟ್ಟಿಯ ಮೇಲೆ ಬಲಗಡೆ ಒತ್ತಿ, ಪ್ರಾಪರ್ಟೀಸ್‌ಗೆ ಹೋಗಿ, ಡಿಲೀಟ್ ಮಾಡುವ ಮೊದಲು ಕೇಳುವಂತೆ ಟಿಕ್ ಹಾಕಬಹುದು. ಬುಟ್ಟಿಯ ಗಾತ್ರವನ್ನೂ ಅಲ್ಲೇ ಹೆಚ್ಚು ಕಡಿಮೆ ಮಾಡಬಹುದು. ಅದೇ ಜಾಗದಲ್ಲಿ "ಬುಟ್ಟಿಗೆ ಹಾಕದೆ ನೇರ ಅಳಿಸು" ಎಂಬ ಅರ್ಥದ ಆಯ್ಕೆಯೂ ಇದೆ. ಶಾಲೆಯ ಕಂಪ್ಯೂಟರಿನಲ್ಲಿ ಅದಕ್ಕೆ ಎಂದೂ ಟಿಕ್ ಹಾಕಬಾರದು.

ಖಾಲಿ ಆಗಿಹೋದ ಮೇಲೆ

ಬುಟ್ಟಿ ಖಾಲಿ ಮಾಡಿದ ಮೇಲೂ ಸ್ವಲ್ಪ ಆಸೆ ಉಳಿದಿರುತ್ತದೆ. ಗುಳೆ ಹೋದವರ ಮನೆ ನೋಡಿದ್ದೀರಲ್ಲ. ಮಂದಿ ಇಲ್ಲ, ಆದರೆ ಗೋಡೆ ನಿಂತಿರುತ್ತದೆ. ಇನ್ನೊಬ್ಬರು ಬಂದು ಕೆಡವಿ ಕಟ್ಟುವತನಕ ಅದು ಇದ್ದೇ ಇರುತ್ತದೆ. ಹಾರ್ಡ್ ಡಿಸ್ಕಿನಲ್ಲಿಯೂ ಹಾಗೇ. ಖಾಲಿ ಮಾಡಿದಾಗ ಚೀಟಿ ಹರಿದು, "ಈ ಜಾಗ ಖಾಲಿ ಅದ" ಎಂದು ಬರೆಯುತ್ತದೆ ಅಷ್ಟೇ. ಅದರ ಮೇಲೆ ಬೇರೆ ಫೈಲು ಬಂದು ಕೂಡುವತನಕ ಹಳೆಯದರ ಒಳಭಾಗ ಉಳಿದಿರುತ್ತದೆ.

ಆದ್ದರಿಂದ ಅತಿ ಮುಖ್ಯವಾದ ಫೈಲು ಹೋಯಿತು ಎಂದು ಗೊತ್ತಾದ ಕೂಡಲೇ ಆ ಕಂಪ್ಯೂಟರಿನಲ್ಲಿ ಮತ್ತೇನೂ ಸೇವ್ ಮಾಡಬಾರದು, ಹಾಡು ಸಿನಿಮಾ ಹಾಕಬಾರದು. ಫೋಟೋರೆಕ್, ಟೆಸ್ಟ್‌ಡಿಸ್ಕ್ ಎಂಬ ಉಚಿತ ತಂತ್ರಾಂಶಗಳಿವೆ. ತಿಳಿದವರು ಅವುಗಳನ್ನು ಪೆನ್ ಡ್ರೈವಿನಿಂದ ನಡೆಸಿ, ಸಿಕ್ಕ ಫೈಲುಗಳನ್ನು ಬೇರೆ ಡಿಸ್ಕಿಗೆ ಇಳಿಸಿಕೊಳ್ಳಬಹುದು. ಆದರೆ ಫೋಟೋರೆಕ್ ತಂದುಕೊಟ್ಟ ಫೈಲಿಗೆ ಹಳೆಯ ಹೆಸರು ಇರುವುದಿಲ್ಲ. ಸಾವಿರದಲ್ಲಿ ಒಂದು ಹುಡುಕಬೇಕು. ಹೊಸ ಕಂಪ್ಯೂಟರುಗಳಲ್ಲಿ ಹಾರ್ಡ್ ಡಿಸ್ಕಿನ ಬದಲು ಎಸ್‌ಎಸ್‌ಡಿ ಇರುತ್ತದೆ. ಅದು ಖಾಲಿಯಾದ ಜಾಗವನ್ನು ತಾನೇ ಬೇಗ ಸ್ವಚ್ಛ ಮಾಡಿಕೊಳ್ಳುವುದರಿಂದ ವಾಪಸು ಸಿಗುವುದು ಬಹಳ ಕಠಿಣ. ಅಂದಮೇಲೆ ಖಾಲಿ ಮಾಡಿ ಹುಡುಕುವುದಕ್ಕಿಂತ ನೋಡಿ ಖಾಲಿ ಮಾಡುವುದೇ ಶಾಣ್ಯಾತನ.

ಅಳಿಸಲೇಬೇಕಾದವು

ಇಷ್ಟು ಓದಿ "ಹಂಗಾದ್ರ ಏನೂ ಅಳಿಸೋದೇ ಬ್ಯಾಡೇನು?" ಎಂದು ಕೇಳಬಹುದು. ಬೇಕು. ಕೆಲವನ್ನು ಅಳಿಸಲೇಬೇಕು, ಅದೂ ಪೂರ್ತಿಯಾಗಿ.

ವಿದ್ಯಾರ್ಥಿವೇತನಕ್ಕೆ, ಜಾತಿ ಆದಾಯ ಪ್ರಮಾಣಪತ್ರಕ್ಕೆ ನಮ್ಮ ಆಧಾರ್ ಕಾರ್ಡು, ಬ್ಯಾಂಕಿನ ಪಾಸ್‌ಬುಕ್ಕು, ಅಪ್ಪನ ಪಹಣಿ ಎಲ್ಲ ಸ್ಕ್ಯಾನ್ ಮಾಡಿಸುತ್ತೇವೆ. ಯಾವುದೇ ಊರಿನ ಜೆರಾಕ್ಸ್ ಅಂಗಡಿಯಲ್ಲಾಗಲಿ, ಮಂದಿ ಬಳಸುವ ಕಂಪ್ಯೂಟರಿನಲ್ಲಾಗಲಿ, ಕೆಲಸ ಮುಗಿದ ಮೇಲೆ ಆ ಫೈಲು ಡೆಸ್ಕ್‌ಟಾಪಿನ ಮೇಲೆ ಬಿದ್ದಿರುತ್ತದೆ. ಡಿಲೀಟ್ ಮಾಡಿದರೂ ಬುಟ್ಟಿಯಲ್ಲಿ ಇರುತ್ತದೆ. ಮುಂದೆ ಬಂದು ಕೂತವರು ರಿಸ್ಟೋರ್ ಒತ್ತಿದರೆ ನಮ್ಮ ನಂಬರು, ನಮ್ಮ ಫೋಟೋ, ನಮ್ಮ ಖಾತೆ ಅವರ ಕೈಯಲ್ಲಿ. ಹೆಣ್ಣುಮಕ್ಕಳ ಫೋಟೋ ಇದ್ದರಂತೂ ಇನ್ನೂ ಹೆದರಿಕೆಯ ಮಾತು. ಇಂಥವುಗಳನ್ನು ಯಾರದೋ ಅವರ ಕಣ್ಣ ಮುಂದೆಯೇ ಶಿಫ್ಟ್ ಡಿಲೀಟ್ ಮಾಡಬೇಕು. ಅಂಗಡಿಯಲ್ಲಿಯೂ ನಾವು ನಾಚಿಕೊಳ್ಳದೆ "ಅಣ್ಣಾರ, ಬುಟ್ಟಿಯಿಂದಲೂ ತೆಗೀರಿ" ಎಂದು ಕೇಳಬೇಕು. ಅವ್ವ ಅಪ್ಪನಿಗೆ ಇದು ಗೊತ್ತಿರುವುದಿಲ್ಲ. ಶಾಲೆ ಕಲಿತ ನಾವೇ ಜೊತೆಗೆ ನಿಂತು ಕೇಳಬೇಕು.

ನೋಡದೆ ಖಾಲಿ ಮಾಡುವುದು ಹ್ಯಾಂಗ ತಪ್ಪೋ, ನೋಡದೆ ಬಿಡುವುದೂ ಹಂಗೇ ತಪ್ಪು. ಎರಡಕ್ಕೂ ಔಷಧ ಒಂದೇ, ಬುಟ್ಟಿ ತೆರೆದು ನೋಡುವುದು.

ಎದುರು ಮಾತು

"ಬುಟ್ಟಿ ತುಂಬಿದರೆ ಕಂಪ್ಯೂಟರ್ ನಿಧಾನ ಆಗತದ" ಎಂದು ಕೆಲವರು ಹೇಳುತ್ತಾರೆ. ಡಿಸ್ಕ್ ಪೂರ್ತಿ ತುಂಬುತ್ತ ಬಂದರೆ ಆ ಮಾತು ಖರೇ. ಡಿಸ್ಕಿನಲ್ಲಿ ಸಾಕಷ್ಟು ಜಾಗ ಇದ್ದಾಗ ಬುಟ್ಟಿಯಲ್ಲಿ ನಾಲ್ಕು ಫೈಲು ಇದ್ದ ಮಾತ್ರಕ್ಕೆ ಏನೂ ಆಗುವುದಿಲ್ಲ. ಮೊದಲು ಡ್ರೈವಿನ ಪ್ರಾಪರ್ಟೀಸ್‌ಗೆ ಹೋಗಿ ಎಷ್ಟು ಜಾಗ ಉಳಿದಿದೆ ನೋಡಿ ಆಮೇಲೆ ಮಾತಾಡೋಣ.

"ಒಂದೊಂದೇ ಓದಲಿಕ್ಕೆ ವೇಳೆ ಎಲ್ಲಿದೆ?" ಎನ್ನುವವರಿದ್ದಾರೆ. ಬುಟ್ಟಿ ತೆರೆದು ಗಾತ್ರದ ಪ್ರಕಾರ, ತಾರೀಖಿನ ಪ್ರಕಾರ ಸಾಲಾಗಿ ಹಚ್ಚಬಹುದು. ವಾರಕ್ಕೆ ಹತ್ತು ನಿಮಿಷ ಸಾಕು.

"ಹಳೇ ಕಸ ಇಟ್ಟುಕೊಂಡು ಏನ್ ಮಾಡೋದು?" ಎನ್ನುವವರಿಗೆ ನಮ್ಮ ಸೀಮೆಯನ್ನೇ ತೋರಿಸುತ್ತೇನೆ. ಹುಣಸಗಿ ಹತ್ತಿರದ ಇಸಾಂಪುರದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಪ್ರೊ. ಕೆ. ಪದ್ದಯ್ಯನವರು 1990ರ ದಶಕದ ಕೊನೆಯಲ್ಲಿ ನೆಲ ಅಗೆದು ನೋಡಿದರು. ಸಿಕ್ಕಿದ್ದೇನು? ಆದಿಮಾನವರು ಕಲ್ಲಿನ ಕೊಡಲಿ ಮಾಡುವಾಗ ಒಡೆದು ಬಿಸಾಕಿದ ಚಕ್ಕೆಗಳು, ಅರ್ಧಕ್ಕೆ ಬಿಟ್ಟ ಕಲ್ಲುಗಳು. ಆ ಜಾಗ ಸುಮಾರು 12 ಲಕ್ಷ ವರ್ಷ ಹಳೆಯದು ಎಂದು ಲೆಕ್ಕ ಹಾಕಿದ್ದಾರೆ. ನಮ್ಮ ಸುರಪುರ ಸೀಮೆಯ ಬೂದಿಹಾಳದಲ್ಲಿ ಅವರೇ ಅಗೆದ ಬೂದಿದಿಬ್ಬ ಅಂದರೆ ಸುಮಾರು 4000 ವರ್ಷದ ಹಿಂದಿನ ದನಗಾಹಿಗಳ ಸೆಗಣಿ ಕೂಡಿಬಿದ್ದು ಸುಟ್ಟ ಗುಡ್ಡೆ. ಅಂದಿನವರಿಗೆ ಅದು ತಿಪ್ಪಿ. ಇಂದಿನವರಿಗೆ ಅದೇ ಇತಿಹಾಸದ ಪಾಠ. ಯಾವುದು ಕಸ ಯಾವುದಲ್ಲ ಎಂದು ಬಿಸಾಕಿದವರಿಗೆ ಆ ಗಳಿಗೆಯಲ್ಲಿ ತಿಳಿಯುವುದಿಲ್ಲ.

ಉಳಿಯದೆ ಹೋದದ್ದಕ್ಕೂ ಉದಾಹರಣೆ ಮನೆ ಬಾಗಿಲಲ್ಲೇ ಇದೆ. ಜೈಮಿನಿ ಭಾರತ ಬರೆದ ಲಕ್ಷ್ಮೀಶ ಕವಿ ಕಡೂರು ತಾಲೂಕಿನ ದೇವನೂರಿನವನೆಂದು ಬಹಳ ಮಂದಿ ಬರೆದಿದ್ದಾರೆ. ನಮ್ಮ ದೇವಾಪುರದವನೇ ಎಂದು ವಾದಿಸುವವರೂ ಇದ್ದಾರೆ. ಆ ಕಾಲದ ಒಂದು ಓಲೆಯಲ್ಲಿ ಊರು, ತಾಲೂಕು ಸ್ಪಷ್ಟ ಬರೆದು ಉಳಿದಿದ್ದರೆ ಈ ವಾದವೇ ಇರುತ್ತಿರಲಿಲ್ಲ.

ಸರಕಾರದ ಲೆಕ್ಕದಲ್ಲಿಯೂ ಇದೇ ನೀತಿ ಇದೆ. 2000ದ ಸುಮಾರಿಗೆ ಭೂಮಿ ಯೋಜನೆಯಲ್ಲಿ ಕರ್ನಾಟಕದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಬಂದವು. ಹೊಲ ಅಪ್ಪನಿಂದ ಮಗನಿಗೆ ಬಂದಾಗ ಹಳೆಯ ಹೆಸರು ಒರೆಸಿ ಹೊಸ ಹೆಸರು ಬರೆದು ಕೈ ತೊಳೆದುಕೊಳ್ಳುವುದಿಲ್ಲ. ಮ್ಯುಟೇಶನ್ ಆಗುತ್ತದೆ, ಅದಕ್ಕೊಂದು ನಂಬರು ಇರುತ್ತದೆ, ಯಾರ ಹೆಸರಿನಿಂದ ಯಾರ ಹೆಸರಿಗೆ ಏನು ಆಧಾರದ ಮೇಲೆ ಹೋಯಿತು ಎಂದು ದಾಖಲೆ ಉಳಿಯುತ್ತದೆ. ಒಂದು ಎಕರೆ ಹೊಲಕ್ಕೆ ಇಷ್ಟು ಕಾಳಜಿ ಇದ್ದರೆ, ಮಕ್ಕಳು ವರ್ಷವಿಡೀ ಮಾಡಿದ ಕೆಲಸಕ್ಕೆ ಒಂದು ಸಾಲಿನ ದಾಖಲೆಯಾದರೂ ಬೇಡವೇ?

ನನ್ನ ಸಲಹೆಗಳು

ಗುರುಗಳು ಒಪ್ಪಿದರೆ ಈ ಕ್ರಮಗಳನ್ನು ಜಾರಿಗೆ ತರಬಹುದು ಎಂದು ನನ್ನ ವಿನಂತಿ.

1) ಬುಟ್ಟಿ ಖಾಲಿ ಮಾಡುವುದು ವಾರಕ್ಕೆ ಒಂದೇ ದಿನ. ಶನಿವಾರ ಮುಂಜಾನೆ ಶಾಲೆ ಬಿಡುವ ಮೊದಲು.

2) ಆ ದಿನ ಇಬ್ಬರು ವಿದ್ಯಾರ್ಥಿಗಳು ಒಬ್ಬ ಗುರುಗಳ ಮುಂದೆ ಫೈಲಿನ ಹೆಸರುಗಳನ್ನು ಓದಬೇಕು. ಯಾರದೆಂದು ತಿಳಿಯದ ಫೈಲು ಇನ್ನೊಂದು ವಾರ ಇರಲಿ.

3) ಕಂಪ್ಯೂಟರಿನ ಪಕ್ಕದಲ್ಲಿ ಒಂದು ನೋಟುಬುಕ್ಕು ದಾರ ಕಟ್ಟಿ ಇಡಬೇಕು. ಖಾಲಿ ಮಾಡಿದ ತಾರೀಖು, ಮಾಡಿದವರ ಹೆಸರು ಅದರಲ್ಲಿ ಬರೆಯಬೇಕು.

4) ತರಗತಿಗೊಂದು ಲಾಗಿನ್ ಮಾಡಿಕೊಟ್ಟರೆ ಬಹಳ ಉಪಕಾರ. ಅದು ಆಗುವತನಕ ತರಗತಿಗೊಂದು ಫೋಲ್ಡರ್ ಇರಲಿ. ಡೆಸ್ಕ್‌ಟಾಪಿನ ಮೇಲೆ ಯಾರೂ ಸೇವ್ ಮಾಡಬಾರದು.

5) ಫೈಲಿಗೆ ಹೆಸರು, ತರಗತಿ, ವಿಷಯ, ತಾರೀಖು ಇಡಬೇಕು. ಎಬಿಸಿ ಎಂಬ ಹೆಸರಿನ ಫೈಲು ಕಂಡರೆ ಮೊದಲು ಅದರ ಮಾಲೀಕರನ್ನು ಹುಡುಕಿ ನಾಮಕರಣ ಮಾಡಿಸಬೇಕು.

6) ಇನ್ನೊಬ್ಬರ ಫೈಲನ್ನು ಕೇಳದೆ ಡಿಲೀಟ್ ಮಾಡಬಾರದು. ಶಿಫ್ಟ್ ಡಿಲೀಟ್ ಅಂತೂ ಆಧಾರ್, ಪಾಸ್‌ಬುಕ್ಕು, ಫೋಟೋಗಳಿಗೆ ಮಾತ್ರ, ಅದೂ ಅವುಗಳ ಮಾಲೀಕರ ಎದುರಿಗೆ.

7) ಮುಖ್ಯವಾದದ್ದು ಎರಡು ಕಡೆ ಇರಲಿ. ಹಿರಿಯರ ಹಾಡು, ಕಥೆಗಳ ರೆಕಾರ್ಡು ಇದ್ದರೆ ಶಾಲೆಯ ಪೆನ್ ಡ್ರೈವಿನಲ್ಲೂ ಒಂದು ಪ್ರತಿ ಇರಲಿ.

ಇದಕ್ಕೆ ರೊಕ್ಕ ಬೇಕಾಗಿಲ್ಲ, ಮೇಲಿನಿಂದ ಆದೇಶ ಬರಬೇಕಾಗಿಲ್ಲ. ಒಂದು ನೋಟುಬುಕ್ಕು, ಒಂದು ಪೆನ್ ಡ್ರೈವ್, ವಾರಕ್ಕೆ ಹತ್ತು ನಿಮಿಷ ಸಾಕು. ಕಸದಿಂದ ರಸ ಎಂದು ಪರಿಸರ ದಿನಾಚರಣೆಯಲ್ಲಿ ಎಲ್ಲರೂ ಭಾಷಣ ಮಾಡುತ್ತೇವೆ. ಆ ಮಾತು ಕಂಪ್ಯೂಟರಿನ ಬುಟ್ಟಿಗೂ ಸಲ್ಲುತ್ತದೆ.

ನನ್ನ ಅನಿಸಿಕೆ ಒಪ್ಪದವರು ಖಂಡಿತ ಇರಬಹುದು. ಅಂಥವರು ತಮ್ಮ ಅಭಿಪ್ರಾಯವನ್ನು ಒಂದು ಹಾಳೆಯಲ್ಲಿ ಬರೆದು ಗೋಡೆ ಪತ್ರಿಕೆಯ ಸಂಪಾದಕರಿಗೆ ಕೊಡಿರಿ. ಮುಂದಿನ ಸಂಚಿಕೆಯಲ್ಲಿ ಇದೇ ಹಾಳೆಯ ಪಕ್ಕದಲ್ಲಿ ಅಂಟಿಸೋಣ. ಅಲ್ಲಿಯವರೆಗೆ ಖಾಲಿ ಮಾಡುವ ಗುಂಡಿಯ ಮೇಲೆ ಬೆರಳು ಇಡುವ ಮೊದಲು ಒಮ್ಮೆ ಹಿಂದಿರುಗಿ ಕೇಳಿರಿ: "ಇದರೊಳಗ ಯಾರದಾದ್ರೂ ಏನಾದ್ರೂ ಅದ ಏನ್ರಪಾ?"

ಇಂತಿ ನಿಮ್ಮ ಸಹಪಾಠಿ,
ಹತ್ತನೇ ತರಗತಿ